ಮೈ ಇಳಿದರೆ ಗೊರಕೆಯ ರೋಗ ಇಳಿಯುವುದೆ?

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನಿಂದ)

ಗೊರಕೆಯೆಂದರೆ ನಮ್ಮವರಿಗೆ ನಗೆಯ ವಸ್ತು. ಹರಿಕಥೆಯಲ್ಲಿ ಕುಂಭಕರ್ಣನ ಪ್ರಸಂಗ ಬಂದೊಡನೆ ದಾಸರು ಗೊರಕೆಯನ್ನು ಅನುಕರಿಸುವುದೂ, ಸಭೆ ಘೊಳ್ಳೆಂದು ನಗುವುದೂ ವಾಡಿಕೆ. ಮನೆಗಳಲ್ಲಿಯೂ ಅಷ್ಟೆ. "ಅವನಿಗೇನಪ್ಪ, ತಲೆ ದಿಂಬಿಗೆ ತಾಕಿದರೆ ಸಾಕು ಗೊರಕೆ, ಪುಣ್ಯವಂತ" ಎಂದು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಈ ಪುಣ್ಯವಂತರಲ್ಲಿ ಕೆಲವರ ಗೊರಕೆಯನ್ನು ಗಮನವಿಟ್ಟು ಆಲಿಸಿದರೆ ಒಂದು ವಿಚಿತ್ರ ಕಾಣುತ್ತದೆ. ಗೊರಕೆ ಏರುತ್ತಾ ಏರುತ್ತಾ ಹೋಗಿ ತಟಕ್ಕನೆ ನಿಂತುಬಿಡುತ್ತದೆ. ಎದೆಯೂ ಹೊಟ್ಟೆಯೂ ಏರಿಳಿಯುತ್ತಲೇ ಇರುತ್ತವೆ. ಉಸಿರು ಮಾತ್ರ ಹೋಗುವುದಿಲ್ಲ, ಬರುವುದಿಲ್ಲ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಸೆಕೆಂಡುಗಳಾದ ಮೇಲೆ ನೀರಿನಿಂದ ಮೇಲೆದ್ದವರಂತೆ ಒಮ್ಮೆ ಗುಟುರು ಹಾಕಿ, ಮೈ ಒದರಿ, ಮತ್ತೆ ಉಸಿರೆಳೆದುಕೊಳ್ಳುತ್ತಾರೆ. ಬೆಳಗ್ಗೆ ಕೇಳಿದರೆ ಅವರಿಗೆ ಇದಾವುದೂ ನೆನಪಿರುವುದಿಲ್ಲ.

ಕಲಾವಿಭಾಗದ ವಿದ್ಯಾರ್ಥಿ ವೈದ್ಯರ ಎಲ್ಲೆಯೊಳಗೆ ಕಾಲಿಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಅವರಿಗೆ ಒಂದು ಸಮಾಧಾನವುಂಟು. ಈ ರೋಗದ ಚರಿತ್ರೆ ಆರಂಭವಾಗುವುದು ಆಸ್ಪತ್ರೆಯಲ್ಲಲ್ಲ, ನಮ್ಮ ಇಂಗ್ಲಿಷ್ ಅಧ್ಯಾಪಕರಿಗೆ ಪ್ರಿಯವಾದ ಒಂದು ಕಾದಂಬರಿಯಲ್ಲಿ. ೧೮೩೬-೩೭ರಲ್ಲಿ ಕಂತುಕಂತಾಗಿ ಪ್ರಕಟವಾದ ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' ಎಂಬ ಕೃತಿಯಲ್ಲಿ ಜೋ ಎಂಬ ದಪ್ಪ ಹುಡುಗನೊಬ್ಬನಿದ್ದಾನೆ. ತಿನ್ನುವುದು, ನಿಂತಲ್ಲಿಯೇ ತೂಕಡಿಸುವುದು, ಗೊರಕೆ ಹೊಡೆಯುವುದು, ಇವೇ ಅವನ ಕೆಲಸ. ೧೯೫೬ರಲ್ಲಿ ಅಮೆರಿಕದ ಬರ್ವೆಲ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಅತಿ ಸ್ಥೂಲಕಾಯನಾದ ಒಬ್ಬ ವ್ಯಾಪಾರಸ್ಥನ ವೃತ್ತಾಂತವನ್ನು ಪ್ರಕಟಿಸಿ, ಅವನ ರೋಗಕ್ಕೆ ಈ ಕಾದಂಬರಿಯ ಹೆಸರನ್ನೇ ಇಟ್ಟರು. ಆ ವ್ಯಾಪಾರಸ್ಥ ಇಸ್ಪೀಟು ಆಡುವಾಗ ಅವನ ಕೈಗೆ ಮೂರು ಎಕ್ಕ, ಎರಡು ರಾಜ ಬಂದಿದ್ದುವಂತೆ. ಪೋಕರ್ ಆಟದಲ್ಲಿ ಅಂಥ ಎಲೆ ಬರುವುದೇ ಅಪರೂಪ. ಆದರೆ ಪಣ ಕಟ್ಟಬೇಕಾದ ಹೊತ್ತಿಗೆ ಆತ ನಿದ್ರೆ ಹೋಗಿದ್ದ! ಆಸ್ಪತ್ರೆಯಲ್ಲಿ ಅವನಿಗೆ ಕಟ್ಟುನಿಟ್ಟಾದ ಪಥ್ಯ ಮಾಡಿಸಿದರು. ತೂಕ ಇಳಿದಂತೆ ಮಂಪರೂ ಇಳಿಯಿತು. ಇಂದಿನ ವೈದ್ಯರು ಪಿಕ್‌ವಿಕ್ ರೋಗವನ್ನೂ ನಾನು ಇಲ್ಲಿ ಹೇಳಹೊರಟಿರುವ ರೋಗವನ್ನೂ ಬೇರೆ ಬೇರೆಯಾಗಿ ಎಣಿಸುತ್ತಾರೆ. ಆದರೆ ಎರಡೂ ದಾಯಾದಿಗಳು, ಒಂದೇ ದೇಹದಲ್ಲಿ ಕೂಡಿರುವುದೇ ಹೆಚ್ಚು. ನಮ್ಮ ಪ್ರಶ್ನೆಯಾದರೋ ಆಗಲೇ ಹುಟ್ಟಿತೆನ್ನಬಹುದು: ಮೈ ಇಳಿಸಿದರೆ ಈ ರೋಗ ಹೋಗುವುದೆ?

ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೀಪ್ ಆಪ್ನಿಯ ಎಂದು ಹೆಸರು. ಆಪ್ನಿಯ ಎಂಬುದು ಗ್ರೀಕ್ ಮೂಲದ ಮಾತು, ಉಸಿರಿಲ್ಲದಿರುವುದು ಎಂದರ್ಥ. 'ನಿದ್ರಾಶ್ವಾಸಸ್ತಂಭ' ಎಂದು ಕನ್ನಡಿಸಬಹುದು. ಆದರೆ ಆ ಮಾತನ್ನು ಹೇಳುವಾಗಲೇ ಉಸಿರು ಕಟ್ಟುವುದರಿಂದ ನಾನು 'ಉಸಿರುಕಟ್ಟು' ಎಂಬ ಸುಲಭವಾದ ಹೆಸರನ್ನೇ ಬಳಸುತ್ತೇನೆ. ಇದು ಉಬ್ಬಸವಲ್ಲ. ಉಬ್ಬಸ ಎದೆಯೊಳಗಿನ ಕವಲುನಾಳಗಳ ರೋಗ. ಇದು ಗಂಟಲಿನದು, ಅದೂ ನಿದ್ರೆಯಲ್ಲಿ ಮಾತ್ರ.

ಕಾರಣವನ್ನು ಅರಿಯಲು ನಮ್ಮ ಹೊಲಗಳ ಪಂಪಿನ ಬಳಿಗೆ ಹೋಗೋಣ. ಕೆರೆಯಿಂದಲೋ ಕಾಲುವೆಯಿಂದಲೋ ನೀರು ಎಳೆಯುವ ಪಂಪಿಗೆ ಎರಡು ಪೈಪುಗಳಿರುತ್ತವೆ. ನೀರನ್ನು ಹೀರುವ ಕಡೆಯ ಸಕ್ಷನ್ ಪೈಪು ಗಟ್ಟಿಯಾದದ್ದು, ಬಳೆ ಬಳೆಯಾಗಿ ಉಬ್ಬಿದ್ದು. ನೀರನ್ನು ಹೊರದೂಡುವ ಕಡೆಯ ಡೆಲಿವರಿ ಪೈಪು ಬಟ್ಟೆಯಂತೆ ಮೆತ್ತಗಿದ್ದರೂ ನಡೆಯುತ್ತದೆ. ಪಂಪು ನಿಂತಾಗ ಅದು ಹಾವಿನ ಪೊರೆಯಂತೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಯಾರಾದರೂ ಈ ಮೆತ್ತನೆಯ ಪೈಪನ್ನು ಹೀರುವ ಕಡೆಗೆ ಜೋಡಿಸಿದರೆ ಏನಾದೀತು? ಪಂಪು ಎಳೆದಷ್ಟೂ ಪೈಪು ಮುಚ್ಚಿಕೊಳ್ಳುತ್ತದೆ. ಮನುಷ್ಯನ ಗಂಟಲಿನ ಅವಸ್ಥೆ ಇದೇ. ಮೂಗಿಗೆ ಎಲುಬಿನ ಆಸರೆಯುಂಟು. ಅದರ ಕೆಳಗಿನ ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳುಂಟು. ನಡುವೆ, ಕಿರುನಾಲಿಗೆಯ ಹಿಂದೆ, ನಾಲಿಗೆಯ ಬುಡದ ಹಿಂದೆ ಇರುವ ಕೆಲವು ಅಂಗುಲಗಳ ದಾರಿ ಬರಿಯ ಮಾಂಸದ ಕೊಳವೆ. ಎಚ್ಚರವಿದ್ದಾಗ ಅಲ್ಲಿಯ ಸ್ನಾಯುಗಳು ಕೊಳವೆಯನ್ನು ಬಿಗಿಹಿಡಿದು ತೆರೆದಿಟ್ಟಿರುತ್ತವೆ. ನಿದ್ರೆಯಲ್ಲಿ ಅವು ಸಡಿಲವಾಗುತ್ತವೆ. ದಾರಿ ಮೊದಲೇ ಇಕ್ಕಟ್ಟಾಗಿದ್ದವನಿಗೆ ಆಗ ಅದು ಅದುರಿ ಗೊರಕೆಯಾಗುತ್ತದೆ. ಇನ್ನೂ ಸಡಿಲವಾದರೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಗೊಂಡು ಕ್ಷಣಮಾತ್ರ ಎಚ್ಚರಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ರೆ, ಮತ್ತೆ ಮುಚ್ಚುವಿಕೆ. ರಾತ್ರಿಯೆಲ್ಲ ಇದೇ ಜಗ್ಗಾಟ.

ಹತ್ತು ಸೆಕೆಂಡಾದರೂ ಉಸಿರು ನಿಂತರೆ, ಅಥವಾ ಅಷ್ಟು ಹೊತ್ತು ಬಹಳವಾಗಿ ಕುಗ್ಗಿ ರಕ್ತದ ಆಮ್ಲಜನಕ ಇಳಿದರೆ ಅಥವಾ ನಿದ್ರೆ ಕದಡಿದರೆ, ಅದನ್ನು ಒಂದು ಸಲವೆಂದು ಎಣಿಸುತ್ತಾರೆ. ಗಂಟೆಗೆ ೫ಕ್ಕಿಂತ ಕಡಮೆಯಾದರೆ ರೋಗವಿಲ್ಲ. ೫ರಿಂದ ೧೫ರ ವರೆಗೆ ಅಲ್ಪ, ೧೫ರಿಂದ ೩೦ರ ವರೆಗೆ ಮಧ್ಯಮ, ೩೦ಕ್ಕೆ ಮೀರಿದರೆ ತೀವ್ರ. ಈ ಲೆಕ್ಕವನ್ನು ವಾಚಕರು ನೆನಪಿಡಬೇಕೆಂದು ಕೋರುತ್ತೇನೆ. ಮುಂದೆಲ್ಲ ಇದರದೇ ಮಾತು.

೧೯೬೫ರಲ್ಲಿ ಫ್ರಾನ್ಸಿನವರೂ ಜರ್ಮನಿಯವರೂ ಬೇರೆ ಬೇರೆಯಾಗಿ, ಮಲಗಿದ ರೋಗಿಗಳ ಉಸಿರನ್ನು ಯಂತ್ರಗಳಿಂದ ಬರೆದುಕೊಂಡು ಈ ತಡೆಯನ್ನು ಕಂಡುಹಿಡಿದರು. ಆಮೇಲೆ ಬಹುಕಾಲ ಇದಕ್ಕೆ ಇದ್ದ ದೊಡ್ಡ ಚಿಕಿತ್ಸೆಯೆಂದರೆ ಕತ್ತಿನ ಮುಂದುಗಡೆ ರಂಧ್ರ ಕೊರೆದು ಅಲ್ಲಿಂದ ಉಸಿರಾಡಿಸುವುದು. ೧೯೮೧ರಲ್ಲಿ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ವೈದ್ಯರು ಐದು ಜನ ರೋಗಿಗಳಿಗೆ ಮೂಗಿನ ಮೂಲಕ ಸ್ವಲ್ಪ ಒತ್ತಡದ ಗಾಳಿಯನ್ನು ರಾತ್ರಿಯೆಲ್ಲ ಊದಿ, ಗಂಟಲು ಮುಚ್ಚದಂತೆ ಮಾಡಬಹುದೆಂದು ತೋರಿಸಿದರು. ಪಂಪಿನ ಮಾತಿನಲ್ಲಿಯೇ ಹೇಳುವುದಾದರೆ, ಹೀರುವ ಕಡೆಯಿದ್ದ ಮೆತ್ತನೆಯ ಪೈಪನ್ನು ಅವರು ದೂಡುವ ಕಡೆಗೆ ತಂದರು. ಈಗ ಸೀಪ್ಯಾಪ್ ಎಂದು ಕರೆಯುವ ಯಂತ್ರ ಇದೇ. ರೋಗವನ್ನು ಅದು ಹೋಗಲಾಡಿಸುವುದಿಲ್ಲ. ಹಾಕಿಕೊಂಡ ರಾತ್ರಿ ತಡೆದಿಡುತ್ತದೆ, ಅಷ್ಟೆ. ಈ ಮಾತು ಮುಂದೆ ಮುಖ್ಯವಾಗುತ್ತದೆ.

ನಾನು ಇಷ್ಟೆಲ್ಲ ಓದಬೇಕಾಗಿ ಬಂದದ್ದು ನನ್ನ ಸೋದರಮಾವನಿಂದ. ಅವರು ಮಂಡ್ಯದ ಕಡೆ ಬೆಲ್ಲದ ಲಾರಿ ಓಡಿಸುತ್ತಾರೆ. ಎರಡು ವರ್ಷದ ಕೆಳಗೆ ಅವರಿಗೆ ಹಗಲಿನಲ್ಲಿಯೂ ಸ್ಟೀರಿಂಗಿನ ಮುಂದೆ ಕಣ್ಣು ಎಳೆಯತೊಡಗಿ, ವೈದ್ಯರು ರಾತ್ರಿಯ ನಿದ್ರಾಪರೀಕ್ಷೆ ಮಾಡಿಸಿದಾಗ ಗಂಟೆಗೆ ೩೮ ಸಲ ಉಸಿರು ಕಟ್ಟುತ್ತಿತ್ತು. ಆಗ ಅವರ ತೂಕ ೯೪ ಕೆ.ಜಿ. ನಮ್ಮತ್ತೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದು ಯಂತ್ರ ತರಿಸಿದರು. ಮಾವ ರಾತ್ರಿಯ ಪರೋಟ ಬಿಟ್ಟು, ಬೆಳಗ್ಗೆ ಕಾಲುವೆಯ ಏರಿಯ ಮೇಲೆ ನಡೆದು, ಈ ವರ್ಷದ ಯುಗಾದಿಯ ಹೊತ್ತಿಗೆ ೮೫ಕ್ಕೆ ಇಳಿದರು. ಆಗ ನನ್ನನ್ನು ಕರೆದು, ಆಸ್ಪತ್ರೆಯ ಇಂಗ್ಲಿಷ್ ಕಾಗದಗಳನ್ನು ಮುಂದಿಟ್ಟು, "ಅಳಿಯಾ, ಒಂಬತ್ತು ಕೆ.ಜಿ. ಇಳ್ದಿವ್ನಿ. ಮಿಷನ್ನಲ್ಲೂ ಎರಡು ಅಂತ ತೋರುಸ್ತದೆ. ಇನ್ನು ಇದ್ನ ಮಾರ್ಬುಟ್ಟು ಸಂಘದ ಸಾಲ ತೀರುಸ್ಬುಡಾನಾ? ನೀನು ಓದ್ದವ್ನು, ನೋಡಿ ಹೇಳು" ಎಂದರು. ಮನೆಯಲ್ಲಿ ಮೊದಲನೆಯ ಸಲ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ ಯಾವ ಯಾವ ವಿಷಯದಲ್ಲಿ ಪರೀಕ್ಷೆ ಬರುತ್ತದೆಂಬುದಕ್ಕೆ ವಿಶ್ವವಿದ್ಯಾನಿಲಯದ ಪಠ್ಯಪಟ್ಟಿಯನ್ನು ನೋಡಿ ಪ್ರಯೋಜನವಿಲ್ಲ.

ಮೊದಲು, ಕೊಬ್ಬಿಗೂ ಗಂಟಲಿಗೂ ಏನು ಸಂಬಂಧ? ಮೈ ಬೆಳೆದಾಗ ಕೊಬ್ಬು ಹೊಟ್ಟೆಯ ಮೇಲೆ ಮಾತ್ರ ಕೂರುವುದಿಲ್ಲ. ಕುತ್ತಿಗೆಯ ಸುತ್ತ, ಗಂಟಲಿನ ಗೋಡೆಯೊಳಗೆ, ನಾಲಿಗೆಯ ಒಳಗೂ ಸೇರುತ್ತದೆ. ನಾಲಿಗೆಗೂ ಕೊಬ್ಬೇರುವುದೆಂದರೆ ನನಗೆ ಮೊದಲು ಅದು ಬೈಗುಳದಂತೆ ಕೇಳಿಸಿತು! ಆದರೆ ಅದು ಅಳೆದು ನೋಡಿದ ಸಂಗತಿ. ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದವರು ೬೭ ಜನ ಸ್ಥೂಲಕಾಯರ ಗಂಟಲನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿ, ಅವರು ತೂಕ ಇಳಿಸಿದ ಮೇಲೆ ಮತ್ತೆ ನೋಡಿ, ೨೦೨೦ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಸಿರುಕಟ್ಟು ಕಡಮೆಯಾಗುವುದಕ್ಕೆ ಬೇರಾವುದಕ್ಕಿಂತಲೂ ಹೆಚ್ಚಾಗಿ ಕಾರಣವಾಗಿದ್ದುದು ನಾಲಿಗೆಯ ಕೊಬ್ಬು ಕರಗಿದ್ದು. ಇದರ ಜೊತೆಗೆ ದೊಡ್ಡ ಹೊಟ್ಟೆ ಮಲಗಿದಾಗ ವಪೆಯನ್ನು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶ ಕುಗ್ಗುತ್ತದೆ. ಶ್ವಾಸನಾಳವನ್ನು ಕೆಳಗಿನಿಂದ ಜಗ್ಗಿ ಹಿಡಿಯುವ ಬಿಗಿಯೂ ತಪ್ಪಿ ಗಂಟಲು ಇನ್ನಷ್ಟು ಸಡಿಲವಾಗುತ್ತದೆ. ಆದುದರಿಂದ ಮೈ ಇಳಿಸಿದರೆ ರೋಗ ಇಳಿಯಬೇಕೆಂಬುದು ತರ್ಕಕ್ಕೆ ಒಪ್ಪುವ ಮಾತು.

ಎಷ್ಟು ಇಳಿಸಿದರೆ ಎಷ್ಟು? ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ೬೯೦ ಜನರನ್ನು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ೨೦೦೦ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದದ್ದು. ತೂಕ ನೂರಕ್ಕೆ ಹತ್ತು ಏರಿದವರಲ್ಲಿ ಉಸಿರು ಕಟ್ಟುವ ಸಂಖ್ಯೆ ನೂರಕ್ಕೆ ೩೨ರಷ್ಟು ಏರುತ್ತದೆ. ನೂರಕ್ಕೆ ಹತ್ತು ಇಳಿದವರಲ್ಲಿ ನೂರಕ್ಕೆ ೨೬ರಷ್ಟು ಇಳಿಯುತ್ತದೆ ಎಂದು ಅವರು ಲೆಕ್ಕ ಕಟ್ಟಿದರು. ಮಾವನವರು ಇಳಿಸಿದ್ದು ೯೪ರಲ್ಲಿ ೯, ಅಂದರೆ ಹೆಚ್ಚುಕಡಮೆ ನೂರಕ್ಕೆ ಹತ್ತು. ೩೮ರಲ್ಲಿ ನೂರಕ್ಕೆ ೨೬ನ್ನು ಕಳೆದರೆ ಉಳಿಯುವುದು ೨೮. ತೀವ್ರದಿಂದ ಮಧ್ಯಮಕ್ಕೆ ಬಂದರು, ನಿಜ; ಆದರೆ ಗಂಟೆಗೆ ಇಪ್ಪತ್ತೆಂಟು ಸಲ, ಎಂದರೆ ಎರಡು ನಿಮಿಷಕ್ಕೊಂದು ಸಲದಷ್ಟು ಉಸಿರು ಕಟ್ಟಿಸಿಕೊಂಡು ಮಲಗಿದವರು ಬೆಳಗ್ಗೆ ಎದ್ದು ಹತ್ತು ಟನ್ ಬೆಲ್ಲವನ್ನು ಘಾಟಿ ಇಳಿಸಬೇಕು. ಈ ರೋಗವುಳ್ಳ ಚಾಲಕರಿಗೆ ಅಪಘಾತದ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳುತ್ತಾರೆ.

ಆದರೆ ಈ ೨೮ ಎಂಬುದು ಸರಾಸರಿಯಿಂದ ಕಟ್ಟಿದ ಊಹೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಅಂಕಿಅಂಶದ ತರಗತಿಯಲ್ಲಿ ಮೊದಲು ಬೀಳುವ ಪೆಟ್ಟೇ ಇದು: ಸರಾಸರಿಯೆಂಬ ಮನುಷ್ಯ ಯಾವ ಊರಿನಲ್ಲಿಯೂ ಇಲ್ಲ. ರೋಗದ ಸರಾಸರಿ ಇಳಿಯಿತು ಎಂಬುದು ಬೇರೆ, ಇಂಥವನ ರೋಗ ಹೋಯಿತು ಎಂಬುದು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಯೋಗಗಳನ್ನು ನೋಡಬೇಕು.

ಸ್ವೀಡನ್ ದೇಶದಲ್ಲಿ ೨೦೦೯ರಲ್ಲಿ ಪ್ರಕಟವಾದ ಪ್ರಯೋಗ ಬಹು ಕಠಿಣವಾದದ್ದು. ಯಂತ್ರ ಬಳಸುತ್ತಿದ್ದ ೬೩ ಜನ ಸ್ಥೂಲಕಾಯ ಗಂಡಸರಲ್ಲಿ ೩೦ ಜನರಿಗೆ ಏಳು ವಾರ ದಿನಕ್ಕೆ ಸುಮಾರು ೫೫೦ ಕ್ಯಾಲೊರಿಯ ದ್ರವಾಹಾರ ಮಾತ್ರ. ಆಮೇಲೆ ಎರಡು ವಾರ ಮೆಲ್ಲಮೆಲ್ಲನೆ ಊಟ. ನಮ್ಮ ಏಕಾದಶಿಯೂ ಇದರ ಮುಂದೆ ಹಬ್ಬದೂಟವೇ ಸರಿ. ಒಂಬತ್ತು ವಾರಗಳಲ್ಲಿ ಅವರ ತೂಕ, ಪಥ್ಯ ಮಾಡದವರಿಗೆ ಹೋಲಿಸಿದರೆ, ಸರಾಸರಿ ೨೦ ಕೆ.ಜಿ. ಕಡಮೆಯಾಯಿತು. ಉಸಿರು ಕಟ್ಟುವುದು ಗಂಟೆಗೆ ೩೭ರಿಂದ ೧೨ಕ್ಕೆ ಇಳಿಯಿತು. ಇದು ಅದ್ಭುತವೇ. ಆದರೂ ೩೦ ಜನರಲ್ಲಿ ರೋಗ ಪೂರ್ಣವಾಗಿ ಹೋದವರು ೫ ಜನ. ಅಲ್ಪರೋಗಕ್ಕೆ ಇಳಿದವರು ೧೫ ಜನ. ಉಳಿದ ಹತ್ತು ಜನ ಅದೇ ಉಪವಾಸ ಮಾಡಿಯೂ ಮಧ್ಯಮದಲ್ಲಿಯೋ ತೀವ್ರದಲ್ಲಿಯೋ ಉಳಿದರು. ಮುಂದೆ ಒಂದು ವರ್ಷದ ಮೇಲೆ ನೋಡಿದಾಗ ಇಳಿದ ತೂಕದಲ್ಲಿ ಒಂದು ಪಾಲು ಮರಳಿ ಬಂದಿತ್ತು. ಆದರೆ ಪಥ್ಯ ಮಾಡಿದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನಕ್ಕೆ ಯಂತ್ರದ ಅಗತ್ಯವಿರಲಿಲ್ಲ. ಪೂರ್ಣ ಗುಣವಾದವರು ನೂರಕ್ಕೆ ೧೦.

ಸ್ಪೇನಿನ ಗ್ರನಾಡದಲ್ಲಿ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗ ನನಗೆ ಹೆಚ್ಚು ಹಿಡಿಸಿತು. ಅದು ಉಪವಾಸದ ಮೇಲೆ ನಿಂತದ್ದಲ್ಲ. ೮೯ ಜನ ಗಂಡಸರು. ಅವರಲ್ಲಿ ಒಂದು ಭಾಗದವರಿಗೆ ಯಂತ್ರದ ಜೊತೆಗೆ ಎಂಟು ವಾರ ಊಟದ ತಿದ್ದುಪಾಟು, ವ್ಯಾಯಾಮ, ನಿದ್ರೆಯ ಶಿಸ್ತು, ಹೊಗೆಸೊಪ್ಪು ಮದ್ಯಗಳ ತ್ಯಾಗ ಎಲ್ಲವನ್ನೂ ಒಟ್ಟಿಗೆ ಕಲಿಸಿದರು. ಇಳಿದ ತೂಕ ಸರಾಸರಿ ೭ ಕೆ.ಜಿ. ಮಾತ್ರ, ಆದರೂ ಉಸಿರುಕಟ್ಟು ಅರ್ಧಕ್ಕೆ ಇಳಿಯಿತು. ಆರು ತಿಂಗಳ ಮೇಲೆ ನೂರಕ್ಕೆ ೬೨ ಜನಕ್ಕೆ ಯಂತ್ರ ಬೇಕಾಗಲಿಲ್ಲ. ಪೂರ್ಣವಾಗಿ ಗುಣವಾದವರು ನೂರಕ್ಕೆ ೨೯. ತೂಕದ ಲೆಕ್ಕಕ್ಕಿಂತ ಫಲ ಹೆಚ್ಚಾಗಿದೆಯೆಂಬುದನ್ನು ಗಮನಿಸಬೇಕು. ವ್ಯಾಯಾಮಕ್ಕೆ ತನ್ನದೇ ಆದ ಗುಣವಿದೆಯೆಂದು ಇದರಿಂದ ತೋರುತ್ತದೆ. ವಾರಕ್ಕೆ ೧೫೦ ನಿಮಿಷ ವ್ಯಾಯಾಮ ಮಾಡಿದವರಲ್ಲಿ ತೂಕ ಅಷ್ಟಾಗಿ ಇಳಿಯದಿದ್ದರೂ ಉಸಿರುಕಟ್ಟು ಕಾಲುಭಾಗದಷ್ಟು ಕಡಮೆಯಾದುದನ್ನು ಅಮೆರಿಕದವರು ೨೦೧೧ರಲ್ಲಿ ವರದಿ ಮಾಡಿದ್ದರು. ಇದಕ್ಕೆ ಕೊಡುವ ಒಂದು ವಿವರಣೆ ಸ್ವಾರಸ್ಯವಾಗಿದೆ: ದಿನವೆಲ್ಲ ಕುಳಿತವರ ಕಾಲಿನಲ್ಲಿ ನೀರು ಇಳಿದು ನಿಲ್ಲುತ್ತದೆ, ಮಲಗಿದಾಗ ಅದು ಕುತ್ತಿಗೆಯ ಕಡೆಗೆ ಹರಿದು ಗಂಟಲಿನ ಗೋಡೆಯನ್ನು ಊದಿಸುತ್ತದೆ, ನಡೆಯುವವನ ಕಾಲಿನಲ್ಲಿ ಅಷ್ಟು ನೀರು ನಿಲ್ಲುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಕ್ಯಾಬಿನ್ನಿನಲ್ಲಿ ಕಾಲು ಇಳಿಬಿಟ್ಟು ಕೂರುವ ಚಾಲಕರು ಇದನ್ನು ಯೋಚಿಸಬೇಕು.

ಹಾಗೆಂದು ತೂಕ ಇಳಿದಷ್ಟೂ ರೋಗ ಅದೇ ಪ್ರಮಾಣದಲ್ಲಿ ಇಳಿಯುತ್ತಲೇ ಹೋಗುತ್ತದೆಂದು ಭಾವಿಸಬಾರದು. ಆಸ್ಟ್ರೇಲಿಯದಲ್ಲಿ ಜಠರಕ್ಕೆ ಪಟ್ಟಿ ಬಿಗಿಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ೩೦ ಜನರನ್ನೂ ಬರಿಯ ಪಥ್ಯ ಮಾಡಿದ ೩೦ ಜನರನ್ನೂ ಎರಡು ವರ್ಷ ಹೋಲಿಸಿ ೨೦೧೨ರಲ್ಲಿ ಪ್ರಕಟಿಸಿದರು. ಮೊದಲನೆಯವರು ೨೮ ಕೆ.ಜಿ.ಯಷ್ಟು ಇಳಿದರು, ಎರಡನೆಯವರು ಐದು ಕೆ.ಜಿ. ಆದರೆ ಉಸಿರುಕಟ್ಟು ಮೊದಲನೆಯವರಲ್ಲಿ ಗಂಟೆಗೆ ೨೫ರಷ್ಟು, ಎರಡನೆಯವರಲ್ಲಿ ೧೪ರಷ್ಟು ಕಡಮೆಯಾಯಿತು. ಐದು ಪಟ್ಟಿಗೂ ಮೀರಿದ ಇಳಿತಕ್ಕೆ ಎರಡು ಪಟ್ಟೂ ಫಲವಿಲ್ಲ. ಈ ಅಂತರವನ್ನು ಖಚಿತವೆಂದು ಹೇಳಲು ಅಂಕಿಅಂಶಶಾಸ್ತ್ರ ಒಪ್ಪಲಿಲ್ಲ.

ದೀರ್ಘಕಾಲದ ಮಾತು ತಿಳಿಯಬೇಕಾದರೆ ಅಮೆರಿಕದಲ್ಲಿ ಸಕ್ಕರೆರೋಗವೂ ಉಸಿರುಕಟ್ಟೂ ಎರಡೂ ಇದ್ದ ೨೬೪ ಜನರನ್ನು ಹಿಂಬಾಲಿಸಿದ ಅಧ್ಯಯನವನ್ನು ನೋಡಬೇಕು. ಶ್ರದ್ಧೆಯಿಂದ ಪಥ್ಯ ವ್ಯಾಯಾಮ ಮಾಡಿಸಿದ ಗುಂಪಿನವರು ಒಂದು ವರ್ಷದಲ್ಲಿ ಸುಮಾರು ೧೧ ಕೆ.ಜಿ. ಇಳಿದರು, ರೋಗ ಪೂರ್ಣ ಹೋದವರು ನೂರಕ್ಕೆ ೧೩ಕ್ಕಿಂತ ತುಸು ಹೆಚ್ಚು. ಇನ್ನೊಂದು ಗುಂಪಿನಲ್ಲಿ ನೂರಕ್ಕೆ ೩ಕ್ಕಿಂತ ತುಸು ಹೆಚ್ಚು. ನಾಲ್ಕು ವರ್ಷಗಳಾಗುವಾಗ, ಎಲ್ಲ ಕಡೆಯೂ ನಡೆಯುವಂತೆ, ಇಳಿದ ತೂಕದಲ್ಲಿ ಅರ್ಧ ಮರಳಿ ಬಂದಿತ್ತು. ಆದರೆ ಗುಣವಾದವರ ಸಂಖ್ಯೆ ಕುಗ್ಗಲಿಲ್ಲ. ನೂರಕ್ಕೆ ೨೦ಕ್ಕೆ ಏರಿತು. ಹತ್ತು ವರ್ಷಗಳ ಕೊನೆಗೆ ಅದು ೩೪ ಆಗಿತ್ತು. ತೂಕ ಮರಳಿದೊಡನೆ ಎಲ್ಲವೂ ವ್ಯರ್ಥವೆಂದು ಕೈಚೆಲ್ಲುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕಿಲ್ಲ.

ಈಚೆಗೆ ಸೂಜಿಮದ್ದೊಂದು ಬಂದಿದೆ. ಟಿರ್ಜೆಪಟೈಡ್ ಎಂದು ಅದರ ಹೆಸರು. ಹಸಿವನ್ನು ಕುಗ್ಗಿಸಿ ತೂಕ ಇಳಿಸುವ ಈ ಮದ್ದನ್ನು ೨೦೨೪ರ ಡಿಸೆಂಬರಿನಲ್ಲಿ ಅಮೆರಿಕದ ಸರ್ಕಾರ ಸ್ಥೂಲಕಾಯರ ಉಸಿರುಕಟ್ಟಿಗೂ ಬಳಸಬಹುದೆಂದು ಒಪ್ಪಿತು. ಒಂದು ವರ್ಷದ ಪ್ರಯೋಗದಲ್ಲಿ ಗಂಟೆಗೆ ಸುಮಾರು ೫೦ ಇದ್ದದ್ದು ಅರ್ಧಕ್ಕಿಳಿಯಿತು. ನಮ್ಮ ದೇಶದಲ್ಲಿ ೨೦೨೫ರಿಂದ ಸಕ್ಕರೆರೋಗಕ್ಕೂ ಬೊಜ್ಜಿಗೂ ಅದು ಮಾರಾಟಕ್ಕೆ ಬಂದಿತು. ಬೆಲೆಯನ್ನು ವಿಚಾರಿಸಿದ ಮೇಲೆ ನಾನು ಆ ವಿಷಯವನ್ನು ಮಾವನವರ ಮುಂದೆ ಎತ್ತಲಿಲ್ಲ.

ಖರ್ಚಿಲ್ಲದ ಉಪಾಯಗಳೂ ಉಂಟು. ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಅಂಗಾತ ಮಲಗಿದಾಗಲೇ ಕಾಟ ಹೆಚ್ಚು. ನಾಲಿಗೆ ತನ್ನ ಭಾರಕ್ಕೆ ಹಿಂದಕ್ಕೆ ಕುಸಿಯುತ್ತದೆ. ಮಗ್ಗುಲಾಗಿ ಮಲಗಿದರೆ ಅವರಿಗೆ ಎಷ್ಟೋ ಪಾಲು ಕಡಮೆಯಾಗುತ್ತದೆ. ನಿದ್ರೆಯಲ್ಲಿ ಹೊರಳದಿರಲೆಂದು ಬನಿಯನ್ನಿನ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯುವ ಪದ್ಧತಿಯಿದೆ. ಕೆಲಸವೇನೋ ಮಾಡುತ್ತದೆ, ಆದರೆ ಕೆಲವು ತಿಂಗಳಲ್ಲಿ ಬೇಸರಗೊಂಡು ಬಿಡುವವರೇ ಹೆಚ್ಚು. ಮಲಗುವ ಮುನ್ನ ಮದ್ಯ ಸೇವಿಸಿದರೆ ಗಂಟಲಿನ ಸ್ನಾಯು ಇನ್ನಷ್ಟು ಸಡಿಲವಾಗಿ, ಉಸಿರು ನಿಲ್ಲುವ ಅವಧಿ ಉದ್ದವಾಗುತ್ತದೆ; ದಣಿವಾರಿಸಿಕೊಳ್ಳಲೆಂದು 'ಒಂದು ಕ್ವಾರ್ಟರ್' ಹಾಕುವ ಅಭ್ಯಾಸ ಈ ರೋಗಿಗೆ ಎರಡು ಪಟ್ಟು ದಣಿವನ್ನು ತರುತ್ತದೆ. ಬ್ರೆಜಿಲಿನಲ್ಲಿ ನಾಲಿಗೆ ಮತ್ತು ಅಂಗುಳಿನ ಅಂಗಸಾಧನೆಯನ್ನು ಮೂರು ತಿಂಗಳು ಮಾಡಿಸಿ, ೨೨ರಷ್ಟಿದ್ದುದನ್ನು ೧೪ಕ್ಕೆ ಇಳಿಸಿದರೆಂದು ೨೦೦೯ರಲ್ಲಿ ಪ್ರಕಟವಾಯಿತು. ಸ್ವಿಟ್ಜರ್ಲೆಂಡಿನಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದ ಕೊಳವೆವಾದ್ಯವನ್ನು ನುಡಿಸುವುದನ್ನು ರೋಗಿಗಳಿಗೆ ಕಲಿಸಿದರು. ೨೦೦೬ರ ಆ ವರದಿಯ ಪ್ರಕಾರ ಹಗಲುನಿದ್ರೆಯೂ ಉಸಿರುಕಟ್ಟೂ ಕಡಮೆಯಾದುವು. ನಮ್ಮ ನಾಗಸ್ವರದವರನ್ನು ಯಾರಾದರೂ ಪರೀಕ್ಷಿಸಬೇಕೆಂದು ನನಗೆ ಆಸೆಯುಂಟು.

ಈಗ, ತೂಕದ ಮಾತಿನಲ್ಲಿ ಮರೆತುಹೋಗುವ ಇನ್ನೊಂದು ಗುಂಪು. ಸಣಕಲು ಮೈಯವರಿಗೂ ಈ ರೋಗ ಬರುತ್ತದೆ. ಕೆಳದವಡೆ ಚಿಕ್ಕದಾಗಿಯೋ ಹಿಂದೆ ಸರಿದೋ ಇದ್ದರೆ ನಾಲಿಗೆಗೆ ಜಾಗ ಸಾಲದು; ದೊಡ್ಡ ಪೆಟ್ಟಿಗೆಯಲ್ಲಿ ಹಿಡಿಯುವ ಸಾಮಾನನ್ನು ಚಿಕ್ಕ ಪೆಟ್ಟಿಗೆಗೆ ತುರುಕಿದಂತೆ. ಚೀನೀಯರಲ್ಲಿ ಅಷ್ಟು ದಪ್ಪವಿಲ್ಲದವರಿಗೂ ರೋಗ ತೀವ್ರವಾಗಿರುವುದಕ್ಕೆ ಮುಖದ ಎಲುಬಿನ ರಚನೆಯನ್ನು ಕಾರಣವಾಗಿ ಹೇಳುತ್ತಾರೆ. ಮಕ್ಕಳಲ್ಲಿಯಾದರೋ ಬಹುಮಟ್ಟಿಗೆ ಗಂಟಲಿನ ಟಾನ್ಸಿಲ್ ಗ್ರಂಥಿಗಳು ಊದಿರುವುದೇ ಮೂಲ. ಇವರೆಲ್ಲರಿಗೆ "ಸ್ವಲ್ಪ ಮೈ ಇಳಿಸಿ" ಎಂದರೆ ಇಳಿಸುವುದಕ್ಕೆ ಮೈಯೆಲ್ಲಿದೆ? ನಮ್ಮ ದೇಶದಲ್ಲಿ ಮುಂಬಯಿಯ ಒಂದು ಆಸ್ಪತ್ರೆಗೆ ಆರೋಗ್ಯ ತಪಾಸಣೆಗೆಂದು ಬಂದ ೩೫ರಿಂದ ೬೫ ವಯಸ್ಸಿನ ಗಂಡಸರನ್ನು ಪರೀಕ್ಷಿಸಿ ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಗಲಿನ ಮಂಪರೂ ಸೇರಿದ ಪೂರ್ಣ ರೋಗ ನೂರಕ್ಕೆ ಏಳೂವರೆ ಜನರಲ್ಲಿ ಕಂಡಿತು. ಭಾರತೀಯರಿಗೆ ಕೊಬ್ಬು ಹೊಟ್ಟೆಯ ಸುತ್ತ ಬೇಗ ಸೇರುವುದರಿಂದ, ಯೂರೋಪಿನವರಿಗೆ ಬೊಜ್ಜಿಲ್ಲವೆನ್ನಬಹುದಾದ ತೂಕದಲ್ಲಿಯೇ ನಮ್ಮವರಿಗೆ ಬೊಜ್ಜೆಂದು ವೈದ್ಯರು ಎಣಿಸುವರು. ಆದುದರಿಂದ ಕನ್ನಡಿಯ ಮುಂದೆ ನಿಂತು "ನಾನು ಅಷ್ಟೇನೂ ದಪ್ಪವಿಲ್ಲ" ಎಂದು ತೀರ್ಮಾನಿಸುವುದು ಸಲ್ಲದು.

ಇಷ್ಟನ್ನು ಓದಿ ಮಾವನವರಿಗೆ ನಾನು ಹೇಳಿದ್ದು ಹೀಗೆ. ಯಂತ್ರದಲ್ಲಿ ಕಾಣುವ 'ಎರಡು' ಎಂಬ ಅಂಕೆ ಯಂತ್ರ ಗಾಳಿ ಊದುತ್ತಿರುವಾಗಿನ ಲೆಕ್ಕ. ಕೊಡೆ ಹಿಡಿದು ನಿಂತವನ ತಲೆ ಒಣಗಿದೆಯೆಂದ ಮಾತ್ರಕ್ಕೆ ಮಳೆ ನಿಂತಿತೆನ್ನಲಾಗದು. ಎರಡು ರಾತ್ರಿ ಯಂತ್ರವಿಲ್ಲದೆ ಮಲಗಿ "ಚೆನ್ನಾಗೇ ಇತ್ತು" ಎನ್ನುವುದೂ ಸಾಕ್ಷಿಯಲ್ಲ. ಯಂತ್ರ ಬಿಟ್ಟ ಮೇಲೆ ಕೆಲವೇ ರಾತ್ರಿಗಳಲ್ಲಿ ರೋಗ ಮರಳುವುದನ್ನು ಪರೀಕ್ಷಿಸಿ ನೋಡಿದ್ದಾರೆ. ಮಲಗಿದವನಿಗೆ ತನ್ನ ಉಸಿರಿನ ಸುದ್ದಿ ಗೊತ್ತಿರುವುದಿಲ್ಲ. ಗೊರಕೆ ಕಡಮೆಯಾಯಿತೆಂದು ಅತ್ತೆ ಹೇಳಬಹುದು, ಆದರೆ ಸದ್ದಿಲ್ಲದೆ ಕಟ್ಟುವ ಉಸಿರನ್ನು ನಿದ್ದೆಗಣ್ಣಿನಲ್ಲಿ ಅವರಾದರೂ ಎಷ್ಟೆಂದು ಎಣಿಸಿಯಾರು? ಯಂತ್ರವಿಲ್ಲದೆ ಮಲಗಿಸಿ ಮತ್ತೊಮ್ಮೆ ನಿದ್ರಾಪರೀಕ್ಷೆ ಮಾಡಿಸಬೇಕು. ಅದಕ್ಕೆ ಮುಂಚೆ ಎಷ್ಟು ದಿನ ಯಂತ್ರ ಬಿಡಬೇಕೆಂಬುದನ್ನು ವೈದ್ಯರೇ ಹೇಳಬೇಕು, ಆ ದಿನಗಳಲ್ಲಿ ಲಾರಿ ಹತ್ತಬಾರದು. ಸಂಖ್ಯೆ ೫ಕ್ಕಿಂತ ಕೆಳಗಿದ್ದರೆ ಧಾರಾಳವಾಗಿ ಯಂತ್ರ ಮಾರಬಹುದು. ೧೫ರೊಳಗಿದ್ದು ಹಗಲಿನಲ್ಲಿ ಮಂಪರು ಇಲ್ಲದಿದ್ದರೆ ವೈದ್ಯರೊಡನೆ ಮಾತನಾಡಿ ನಿರ್ಧರಿಸಬಹುದು. ಅದಕ್ಕೂ ಮೀರಿದ್ದರೆ ಯಂತ್ರವೂ ಇರಲಿ, ಕಾ‌ಲುವೆಯ ಏರಿಯ ನಡಿಗೆಯೂ ಇರಲಿ. ಬರಿಯ ಯಂತ್ರದಿಂದ ಮೈ ಇಳಿಯುವುದಿಲ್ಲ, ಬದಲಿಗೆ ತುಸು ಏರುವುದೇ ಕಂಡುಬಂದಿದೆ. ಬರಿಯ ನಡಿಗೆಯಿಂದ ಈ ರಾತ್ರಿಯ ಉಸಿರು ಬಿಡುಗಡೆಯಾಗುವುದಿಲ್ಲ. ಎರಡನ್ನೂ ಕೂಡಿಸಿ ಮಾಡಿದವರಲ್ಲಿ, ನಿಷ್ಠೆಯಿಂದ ಪಾಲಿಸಿದವರಿಗೆ, ರಕ್ತದೊತ್ತಡ ಒಂದನ್ನೇ ಮಾಡಿದವರಿಗಿಂತ ಹೆಚ್ಚು ಇಳಿಯಿತೆಂದು ೨೦೧೪ರ ಒಂದು ಪ್ರಯೋಗ ತೋರಿಸಿದೆ.

ಪರೀಕ್ಷೆಯ ಖರ್ಚಿನ ಮಾತು ಬಂದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಕಬ್ಬು ಅರೆಯುವ ಕಾಲ ಮುಗಿದು ಆಲೆಮನೆಗಳಲ್ಲಿ ಕೆಲಸ ಕಡಮೆಯಾದಾಗ ಹೋಗೋಣವೆಂದರು. ಅಲ್ಲಿಯವರೆಗೆ ಯಂತ್ರವನ್ನು ಲಾರಿಯ ಕ್ಯಾಬಿನ್ನಿನಲ್ಲಿಯೂ ಬಳಸಲು ಬರುವಂತೆ ಬ್ಯಾಟರಿಯಿಂದ ನಡೆಸುವ ಉಪಾಯವುಂಟೆ ಎಂಬುದನ್ನು ವಿಚಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.